ಇಲ್ಲದ ಕೋಣೆಗೆ ಕಟ್ಟಿದ ತೆರಿಗೆ

ಮನೆ ತೆರಿಗೆ ಉಳಿಸಲು ಜನ ಏನೇನೋ ಸುಳ್ಳು ಹೇಳುವುದನ್ನು ನೀವು ಕೇಳಿರಬಹುದು. ತೆರಿಗೆ ಹೆಚ್ಚು ಕಟ್ಟಲು ಸುಳ್ಳು ಹೇಳಿದವನನ್ನು ನೋಡಿರಲಿಕ್ಕಿಲ್ಲ. ನೋಡಬೇಕೆಂದಿದ್ದರೆ ಮಂಗಳೂರಿಗೆ ಬಂದು ನಮ್ಮ ಮನೆಯ ಗೇಟು ತಟ್ಟಿ. ಮೂವತ್ತು ವರ್ಷ ಶಾಲೆಯಲ್ಲಿ ವಿಸ್ತೀರ್ಣದ ಲೆಕ್ಕ ಕಲಿಸಿದ ಮೇಷ್ಟ್ರು ನಾನು. ಉದ್ದವನ್ನು ಅಗಲದಿಂದ ಗುಣಿಸಲು ಬಾರದ ಮಕ್ಕಳ ಕಿವಿ ಹಿಂಡಿದ ಪಾಪ ಈಗ ನನ್ನನ್ನೇ ಹುಡುಕಿಕೊಂಡು ಬಂದಿದೆ.

ನಮ್ಮಲ್ಲಿ ಮನೆಯ ಅಳತೆಯನ್ನು ಮಾಲೀಕನೇ ಫಾರ್ಮಿನಲ್ಲಿ ಬರೆದು, ತೆರಿಗೆಯ ಲೆಕ್ಕವನ್ನೂ ತಾನೇ ಹಾಕಿ ಕಟ್ಟಬೇಕು. ಏಪ್ರಿಲ್ ಒಳಗೆ ಕಟ್ಟಿದರೆ ರಿಯಾಯಿತಿ. ಆ ಆಸೆಗೆ ಈ ಸಲ ಬೇಗನೆ ಟೇಪು ಹಿಡಿದೆ. ಇನ್ನೊಂದು ತುದಿಯನ್ನು ಹೆಂಡತಿ ಸಾವಿತ್ರಿ ಹಿಡಿದಳು. ಹೊರಗೋಡೆಯಿಂದ ಹೊರಗೋಡೆಗೆ ಎಳೆದು ಅಳೆದರೂ ಮನೆ ಸಾವಿರದ ನೂರೈವತ್ತು ಚದರಡಿ ದಾಟಲಿಲ್ಲ.

ಅಷ್ಟರಲ್ಲಿ ಸುರತ್ಕಲ್ಲಿನಿಂದ ಬೀಗರ ಫೋನು. ಮಗಳ ಮಾವ ವಾಸುದೇವ ರಾಯರು ಪಣಂಬೂರು ಬಂದರಿನಲ್ಲಿ ದುಡಿದು ನಿವೃತ್ತರಾದವರು, ಕಾಗದಪತ್ರವೆಂದರೆ ಹೆದರುವವರು. “ಮಾಸ್ಟ್ರೇ, ನಿಮ್ಮ ಫಾರ್ಮಿನದ್ದೊಂದು ಫೋಟೋ ವಾಟ್ಸಾಪ್ ಮಾಡಿ. ಅದನ್ನು ನೋಡಿ ನನ್ನದು ತುಂಬಿಸ್ತೇನೆ” ಎಂದರು.

ಕಳಿಸುವುದು ಹೇಗೆ? ಮಗಳ ನಿಶ್ಚಿತಾರ್ಥದ ದಿನ, ಎರಡನೇ ಸಲ ಪಾಯಸ ಬಡಿಸಿಕೊಂಡ ಹುರುಪಿನಲ್ಲಿ, ನಮ್ಮ ಮನೆ ಸಾವಿರದ ಆರುನೂರು ಚದರಡಿ ಎಂದು ಅವರ ಮುಂದೆ ಕೊಚ್ಚಿಕೊಂಡಿದ್ದೆ. ತಮ್ಮದು ಎರಡು ಸಾವಿರ ಎಂದು ಅವರು ಹೇಳಿದ ಮೇಲೆ ಸುಮ್ಮನಿರಲು ನಾನೇನು ಸನ್ಯಾಸಿಯೇ? ಅವರು ಬಂದಾಗಲೆಲ್ಲ ಚಾವಡಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುತ್ತಿದ್ದರಿಂದ ಮಾನ ಉಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಫಾರ್ಮು ನೋಡಿದರೆ ಆ ಮನೆಯಲ್ಲಿ ನನ್ನ ಮಗಳು ಸುಳ್ಳುಗಾರನ ಮಗಳಾಗುತ್ತಾಳಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಊರಿನ ಎಲ್ಲರ ಹಾಗೆ ನಾವೂ ಮಳೆಗೆಂದು ತಾರಸಿಯ ಮೇಲೆ ಶೀಟು ಹಾಕಿಸಿದ್ದೇವೆ. ಅದರಡಿ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಬಿದ್ದಿರುತ್ತದೆ. ಅದನ್ನೇ ನಾನೂರೈವತ್ತು ಚದರಡಿಯ ಕೋಣೆಯೆಂದು ಬರೆದುಬಿಟ್ಟೆ. ಸಾವಿತ್ರಿ ಕನ್ನಡಕ ಏರಿಸಿ ಓದಿ, “ಗೋಡೆ ಎಲ್ಲಿ ಉಂಟು?” ಎಂದಳು. ತೆರಿಗೆ ಕಟ್ಟುವಲ್ಲಿ ಕುಳಿತಿದ್ದ ಹುಡುಗಿಯೂ, ಕಳೆದ ವರ್ಷಕ್ಕಿಂತ ಜಾಸ್ತಿಯಾಗಿದೆಯಲ್ಲ, ಮೇಲೆ ಎಂತಾದರೂ ಕಟ್ಟಿಸಿದಿರಾ ಎಂದು ಕೇಳಿದಳು. ಹೌದೆಂದೆ. ಪಾಪ, ಅವಳು ಒಳ್ಳೆಯದಾಗಲಿ ಎಂದು ಹಾರೈಸಿದಳು.

ಫೋಟೋ ಕಳಿಸಿದ ಮರು ಭಾನುವಾರವೇ ಬೀಗರು ಹಾಜರು. ತಾರಸಿಯಲ್ಲಿ ಅಷ್ಟು ದೊಡ್ಡ ಕೋಣೆ ಇದ್ದೂ ಒಂದು ದಿನ ಮೇಲೆ ಕರೆಯಲಿಲ್ಲವೆಂದು ಆಕ್ಷೇಪಿಸುತ್ತಲೇ, ನಾನು ತಡೆಯುವುದರೊಳಗೆ ಮೆಟ್ಟಿಲು ಹತ್ತಿದರು. ಮೇಲೆ ನನ್ನ ಎರಡು ಬನಿಯನ್‌ಗಳು ಗಾಳಿಗೆ ಆಡುತ್ತಿದ್ದವು. ರಾಯರು ಶೀಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಪಾಯಸದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

ಅವರು ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಕುಳಿತರು. “ಎಂತ ಮಾಡುದು ಮಾಸ್ಟ್ರೇ” ಎಂದರು ಮೆಲ್ಲಗೆ. “ನಿಮ್ಮದು ನೋಡಿದ ಮೇಲೆ, ಅವತ್ತು ಹೇಳಿದ ಎರಡು ಸಾವಿರ ತುಂಬಿಸ್ಲಿಕ್ಕೆ ನಾನೂ ನನ್ನ ಶೀಟನ್ನು ಎರಡು ಕೋಣೆ ಅಂತ ಬರೆದು ಕಟ್ಟಿ ಬಂದೆ.”

ಮಗಳ ಮಾನ ಉಳಿಯಿತು. ನಾನು ಅವರನ್ನು ಅಪ್ಪಿಕೊಳ್ಳಬೇಕಿತ್ತು. ಆದರೆ ನನಗೆ ಬಂದದ್ದು ಹೊಟ್ಟೆಕಿಚ್ಚು. ಇಬ್ಬರೂ ಸುಳ್ಳು ಹೇಳಿದರೂ ಅವರ ಮನೆಯೇ ನಾನೂರು ಚದರಡಿ ದೊಡ್ಡದಾಯಿತಲ್ಲ!