ಮರಳುಗಾಡಿನಲ್ಲಿ ಸರಪಳಿ ಹಿಡಿದ ಕಾಡಪ್ಪ

ಯಲಗೂರಪ್ಪ ಚಹದಂಗಡಿಯಲ್ಲಿ ಒಂದು ಮಾತು ಹೆಚ್ಚಿಗೆ ಆಡಿದ್ದೇ ಎಲ್ಲಕ್ಕೂ ಕಾರಣವಾಯಿತು.

ಕಬನೂರಿನ ಪವರ್‌ಲೂಮುಗಳ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಮೂರು ಅಂಗಡಿಗೆ ಕೇಳಿಸುತ್ತಿತ್ತು. ನೆರೆಮನೆಯ ದತ್ತಾ ಮರಾಠಿ ಪೇಪರು ಹಿಡಿದು ಒಂದು ಸುದ್ದಿ ಓದುತ್ತಿದ್ದ. ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲಿಷರು ಬಲೂಚಿಸ್ತಾನದ ಮರಳುಗಾಡಿನಲ್ಲಿ ಟೆಲಿಗ್ರಾಂ ಕಳಿಸುವ ತಾರಿನ ಕಂಬ ನೆಡಲು ದಾರಿ ಅಳೆಸಿದರಂತೆ. ಆ ಕೆಲಸಕ್ಕೆ ನಮ್ಮ ಭಾಗದ ಕುರುಬರೂ ಹೋಗಿದ್ದರಂತೆ. ಅವರ ವಂಶದವರು ಯಾರಾದರೂ ಇದ್ದರೆ ಕೊಲ್ಹಾಪುರದಲ್ಲಿ ಸತ್ಕಾರವಂತೆ.

"ನಮ್ಮ ಮುತ್ಯಾನ ಅಪ್ಪನೂ ಹೋಗಿದ್ದ. ಉತ್ತೂರ ಕಾಡಪ್ಪ. ಅಲ್ಲೇ ಸತ್ತ" ಎಂದ ಯಲಗೂರಪ್ಪ.

ದತ್ತಾ ಪೇಪರು ಕೆಳಗಿಟ್ಟ. ಅದರಲ್ಲಿ ಅಚ್ಚಾಗಿದ್ದ ಐದು ಹೆಸರುಗಳಲ್ಲಿ ಮೂರನೆಯದು ಅದೇ ಆಗಿತ್ತು.

"ಯಲಗೂರಪ್ಪಾ, ನಿನ್ನ ಮಗಳ ಲಗ್ನ ಆತು ಅಂತ ತಿಳಿ!"

ದತ್ತಾನ ಮಾತಿಗೆ ಅರ್ಥವಿತ್ತು. ಯಲಗೂರಪ್ಪನ ಮಗಳು ಸಾರಿಕಾಳನ್ನು ಗಡಹಿಂಗ್ಲಜದ ಬಾಳಗೊಂಡನ ಮಗ ವೈಭವ ಒಪ್ಪಿ ಎರಡು ತಿಂಗಳಾಗಿತ್ತು. ಜಾತಕ ಕೂಡಿತ್ತು. ಒಂದೇ ಬೆಡಗಿನ, ಅಂದರೆ ಒಂದೇ ವಂಶದ, ಮನೆಗಳಲ್ಲಿ ಲಗ್ನವಿಲ್ಲ; ಇವರ ಬೆಡಗು ಬೇರೆ ಬೇರೆಯಾಗಿತ್ತು. ಹುಡುಗ ಹುಡುಗಿ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಆದರೆ ಐವತ್ತು ಕುರಿ, ಮೂರೆಕರೆ ಕಬ್ಬು ಇದ್ದ ಬಾಳಗೊಂಡ ಮಾತ್ರ, "ಹುಡುಗಿ ಬರೋಬರ ಅದಾಳ್ರಿ, ಆದರ ಮನೆತನ ನೋಡಬೇಕಲ್ರಿ" ಎಂದು ಎಳೆಯುತ್ತಲೇ ಇದ್ದ. ಮಗ್ಗದ ಕೆಲಸಗಾರನ ಮನೆತನ ಅವನ ಕಣ್ಣಿಗೆ ಹಿಡಿಸಿರಲಿಲ್ಲ.

"ಬೀಗರನ್ನೂ ಅಲ್ಲೇ ಕರಸ್ತೀನಿ. ಮನೆತನ ಸ್ಟೇಜ್ ಮ್ಯಾಲೆ ನೋಡ್ಲಿ" ಎಂದ ದತ್ತಾ. ಯಲಗೂರಪ್ಪ ಬೇಡ ಎನ್ನುವಷ್ಟರಲ್ಲಿ ಫೋನು ಕಿವಿಗೆ ಹೋಗಿತ್ತು.

ಸತ್ಕಾರದ ದಿನ ಬೆಳಿಗ್ಗೆ ಇಡೀ ಓಣಿ ಅವನ ಮನೆಯೊಳಗಿತ್ತು. ಯಾರೋ ಕೆಂಪು ಪಟಕಾ ತಂದು ತಲೆಗೆ ಸುತ್ತಿದರು. ಇನ್ನಾರೋ ಹೆಗಲಿಗೆ ಕಂಬಳಿ ಹಾಕಿದರು. ಏಪ್ರಿಲ್ ಬಿಸಿಲಿಗೆ ಹೊರಗಿನ ತಗಡೇ ಸುಡುತ್ತಿತ್ತು. ಪಟಕಾ ಎರಡು ಸಲ ಜಾರಿ ಮೂಗಿನ ಮೇಲೆ ಕೂತಿತು. "ಕುರುಬರವ ಕುರುಬರಂಗ ಕಾಣಬೇಕು" ಎಂದ ದತ್ತಾ. ಮಗ್ಗ ಬಿಟ್ಟರೆ ಬೇರೆ ಗೊತ್ತಿಲ್ಲದ, ಜನ್ಮದಲ್ಲಿ ಒಂದು ಕುರಿಯನ್ನೂ ಕಾಯದ ಯಲಗೂರಪ್ಪ, ನೆನೆದ ಕೋಳಿಯಂತೆ ಬೆವರುತ್ತ ಜೀಪು ಹತ್ತಿದ. ಹೆಂಡತಿ ಚೆನ್ನವ್ವ ಬಾಗಿಲಲ್ಲೇ ನಿಂತು, "ಗಟ್ಟಿ ಮಾಡ್ಕೊಂಡ ಬರ್ರಿ. ಇವತ್ತ ಆಗಲಿಲ್ಲಂದ್ರ ಇನ್ನೆಂದೂ ಆಗಂಗಿಲ್ಲ" ಎಂದಳು. ಸಾರಿಕಾ ಅಪ್ಪನ ಪಕ್ಕದಲ್ಲಿ ಕೂತಳು. ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾತ್ರ ನಡೆದಿತ್ತು.

ಕೊಲ್ಹಾಪುರದ ಸಭಾಂಗಣದಲ್ಲಿ ಪ್ರಿಯದರ್ಶನಿ ಎಂಬ ಹೆಂಗಸು ಎದುರುಗೊಂಡಳು. ಆ ಅಳತೆಯ ಕೆಲಸದ ಬಗ್ಗೆ ಆರು ವರ್ಷದಿಂದ ಓದುತ್ತಿದ್ದವಳು ಅವಳೇ. "ಯಾ ಯಾ, ಕಾಕಾ" ಎಂದು ಮರಾಠಿಯಲ್ಲಿ ಒಳಗೆ ಕರೆದು, ಕಾಲು ಮುಟ್ಟಿ ನಮಸ್ಕರಿಸಿದಳು. ಯಲಗೂರಪ್ಪ ಹಿಂದೆ ಸರಿಯಲು ಹೋಗಿ ಕಂಬಳಿ ತುಳಿದ. ಬಾಳಗೊಂಡ ಆಗಲೇ ಮಗನೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ನಮಸ್ಕಾರಕ್ಕೆ ತಲೆ ಅರ್ಧವಷ್ಟೇ ಬಾಗಿಸಿದ.

ಪ್ರಿಯದರ್ಶನಿ ಅಳತೆಯ ಸಾಹೇಬನ ದಿನಚರಿಯನ್ನು ಓದತೊಡಗಿದಳು. ದೀಪ ಆರಿಸಿದ್ದರು. ಪರದೆಯ ಮೇಲೆ ಗಿಡವಿಲ್ಲದ, ನೆರಳಿಲ್ಲದ ಬಯಲು ಕಾಣುತ್ತಿತ್ತು.

"ಇವತ್ತು ಏಳು ಮೈಲಿ ಅಳೆದೆವು. ಅಳತೆಯ ಸರಪಳಿಯ ಮುಂದಿನ ತುದಿ ಕಾಡಪ್ಪನದು. ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಹಾಗಾಗಿ ಅವನೇ ಗೂಟದಂತೆ ನಿಲ್ಲುತ್ತಾನೆ. ಗಾಳಿ ಎದ್ದಾಗ ಅವನ ಕೆಂಪು ಪಟಕಾ ನೋಡಿಯೇ ನಾನು ಗೆರೆ ಹಿಡಿಯುತ್ತೇನೆ. ನೀರು ಇನ್ನೆರಡು ದಿನಕ್ಕೆ ಸಾಕು. ಒಂಟೆಯವರು ಗೊಣಗುತ್ತಾರೆ. ಕಾಡಪ್ಪ ಗೊಣಗುವುದಿಲ್ಲ. ಊರಲ್ಲಿ ಹೆಂಡತಿ ಬಸುರಿ, ಬೇಗ ಅಳೆಯೋಣ ಎನ್ನುತ್ತಾನೆ."

ದೀಪ ಮತ್ತೆ ಹಚ್ಚಿದರು. ಆಮೇಲೆ ಯಲಗೂರಪ್ಪನನ್ನು ಮಾತಾಡಲು ಕರೆದರು. ದತ್ತಾ ಬರೆದುಕೊಟ್ಟ ಚೀಟಿ ಬೆವರಿಗೆ ನೆನೆದು ಅಕ್ಷರ ಕಲಸಿಹೋಗಿತ್ತು. ಅವನು ಚೀಟಿ ಮಡಚಿ ಕಿಸೆಗಿಟ್ಟ. ಮೈಕಿನ ಅಗತ್ಯವೇ ಇಲ್ಲದ ದನಿಯಲ್ಲಿ, ಮನೆಯಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಹೇಳಿದ.

"ನಮ್ಮ ಉತ್ತೂರಿಗೆ ಬಂದ ಮೊದಲನೇ ತಾರ ಅದ ರೀ. ಟಪಾಲಿನವ ಓದಿ ಹೇಳಿದ, ಕಾಡಪ್ಪ ಸತ್ತ ಅಂತ. ಅವನ ಹೇಣ್ತಿ ಹಾಲವ್ವ ಏಳ ತಿಂಗಳ ಬಸರಿ. ಅವತ್ತ ಬಳಿ ಒಡದ್ರು. ಹೆಣ ಇಲ್ಲ, ಮಣ್ಣಿಲ್ಲ. ಕಂಬಳಿ ಮ್ಯಾಲೆ ಅವನ ಕೋಲ ಇಟ್ಟ ದಿನಕರ್ಮ ಮಾಡಿದ್ರು. ಐವತ್ತ ವರ್ಷ ಕುರಿ ಉಣ್ಣೆ ನೂತು ಮಗನ್ನ ಬೆಳಸಿದ್ಲು. ನಮ್ಮ ಸ್ವಾದರತ್ತಿ ತಾರವ್ವ ಆಕಿನ್ನ ನೋಡ್ಯಾಳ. ಎಲ್ಲೇ ತಾರಿನ ಕಂಬ ಕಂಡ್ರೂ ಹಾಲವ್ವ ಹೋಗಿ ಅದಕ್ಕ ಕೈ ಹಚ್ಚತಿದ್ಲಂತ. ಇದರ ಆ ಕಡೆ ತುದಿ ಅವರ ಹತ್ರ ಐತಿ, ಅಂತಿದ್ಲಂತ."

ಅಷ್ಟು ಹೇಳಿ ಮೈಕು ಬಿಟ್ಟ. ಅವನಿಗೆ ತಿಳಿಯದಂತೆಯೇ ಕಣ್ಣು ತುಂಬಿದ್ದವು. ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಕೆಳಗಿಳಿದವನನ್ನು ಬಾಳಗೊಂಡ ತಾನೇ ಎದ್ದು ಬಂದು ಅಪ್ಪಿಕೊಂಡ.

"ತಪ್ಪಾತ್ರಿ. ಎರಡ ತಿಂಗಳ ಸುಮ್ಮನ ಎಳದ್ನಿ. ಇಂಥಾ ಮನೆತನ ದೀವಾ ಹಚ್ಚಿ ಹುಡುಕಿದ್ರೂ ಸಿಗಂಗಿಲ್ಲ. ನಿಮ್ಮ ಮಗಳು ಇನ್ನ ನಮ್ಮ ಮನಿ ಸೊಸಿ."

ದತ್ತಾ ತಾನೇ ಮದುವೆಯಾದವನಂತೆ ಬೀಗಿದ. ಮೂರನೆಯ ಸಾಲಿನಲ್ಲಿ ಕೂತಿದ್ದ ಸಾರಿಕಾಳ ಪಕ್ಕದ ಕುರ್ಚಿಗೆ ವೈಭವ ಬಂದು ಕೂತ. ಯಲಗೂರಪ್ಪನಿಗೆ ಕಂಬಳಿ ಮೊದಲ ಸಲ ಹಗುರವೆನಿಸಿತು.

ಪ್ರಿಯದರ್ಶನಿ ಮತ್ತೆ ಮೈಕು ಹಿಡಿದಳು. "ಕಾಕಾ, ಒಂದು ಮಾತು ಕೊನೆಗೆ ಅಂತ ಇಟ್ಟಿದ್ದೆ. ನಿಮ್ಮ ಕಾಡಪ್ಪ ಮರಳುಗಾಡಿನಲ್ಲಿ ಸಾಯಲಿಲ್ಲ."

ಯಲಗೂರಪ್ಪ ಕೂತಲ್ಲೇ ಕುರ್ಚಿಯ ಕೈ ಹಿಡಿದುಕೊಂಡ.

ತಂಡದಲ್ಲಿ ಇಬ್ಬರು ಕಾಡಪ್ಪಂದಿರಿದ್ದರು ಎಂದಳು ಅವಳು. ಸತ್ತವನು ಸುಳಕೂಡದ ಕಾಡಪ್ಪ. ಗುಮಾಸ್ತನ ತಪ್ಪಿನಿಂದ ತಾರು ಉತ್ತೂರಿಗೆ ಹೋಗಿತ್ತು. ಉತ್ತೂರ ಕಾಡಪ್ಪ ಜ್ವರ ಬಂದು, ಸಾಹೇಬನಿಂದ ಬಿಡುಗಡೆಯ ಚೀಟಿ ಪಡೆದು, ಕರಾಚಿಯಿಂದ ಹಡಗು ಹತ್ತಿದ್ದ. ಆಮೇಲೆ ಏನಾದನೋ ದಿನಚರಿಯಲ್ಲಿಲ್ಲ. ಅವನ ಒಂದು ಫೋಟೋ ಮಾತ್ರ ಉಳಿದಿದೆ.

ಪರದೆಯ ಮೇಲೆ ಫೋಟೋ ಬಂತು. ಒಣಗಿದ ಮುಖದ, ಗಟ್ಟಿ ದವಡೆಯ ಯುವಕ. ಸರಪಳಿ ಹಿಡಿದ ಎಡಗೈಯಲ್ಲಿ ಆರು ಬೆರಳುಗಳಿದ್ದವು.

ಬಾಳಗೊಂಡ ಎದ್ದು ನಿಂತ. ಕೂತ. ಮತ್ತೆ ಎದ್ದ.

"ಇವ ನಮ್ಮ ಮಾಳಪ್ಪಜ್ಜ ಅದಾನಲ್ರಿ!"

ಫೋನು ತೆಗೆದು, ತನ್ನ ಮನೆಯ ಗೋಡೆಯಲ್ಲಿದ್ದ ಚಿತ್ರ ತೋರಿಸಿದ. ಹಣ್ಣಾದ ಮುದುಕ. ಅದೇ ದವಡೆ. ಕೋಲಿನ ಮೇಲೆ ಅದೇ ಆರು ಬೆರಳು.

"ನಮ್ಮ ಮುತ್ಯಾನ ಅಪ್ಪ. ಎಲ್ಲಿಂದ ಬಂದವ ಅಂತ ಯಾರಿಗೂ ಗೊತ್ತಿದ್ದಿಲ್ಲ. ಒಂದ ಮಳಗಾಲದಾಗ ನಮ್ಮ ಮುತ್ಯಾನ ಅವ್ವನ ಕುರಿ ಹಟ್ಟಿಗಿ ಬಂದ ನಿಂತಾನ, ಮೈಯೆಲ್ಲಾ ಕಲ್ಲೇಟು. 'ನಮ್ಮ ಊರಾಗ ನಾ ಸತ್ತೀನಿ. ಹೋದ್ರ ದೆವ್ವ ಅಂತ ಕಲ್ಲ ಒಗದ್ರು. ಬಾಗಲ ಮುಟ್ಟಾಕೂ ಬಿಡಲಿಲ್ಲ' ಅಂತ ಅತ್ತನಂತ. ಹುಚ್ಚ ಅಂದ್ಕೊಂಡ ಉಣ್ಣಾಕ ಹಾಕ್ಯಾರ. ಆಮ್ಯಾಲೆ ಹೊಸಾ ಹೆಸರು, ಹೊಸಾ ಬೆಡಗು, ಹೊಸಾ ಲಗ್ನ. ಎಂಬತ್ತ ವರ್ಷ ಬದುಕಿದ."

ಉತ್ತೂರಿನಿಂದ ಗಡಹಿಂಗ್ಲಜ ಒಂದು ದಿನದ ಕುರಿ ದಾರಿಯಷ್ಟೇ. ಕಂಬಕ್ಕೆ ಕೈ ಹಚ್ಚಿ ನಿಂತ ಹಾಲವ್ವ ಯಲಗೂರಪ್ಪನ ಕಣ್ಣ ಮುಂದೆ ಬಂದಳು. ಅಷ್ಟರಲ್ಲಿ ದತ್ತಾ ಕುರ್ಚಿ ಹತ್ತಿ ಕೂಗಿದ.

"ಅಂದ್ರ ನೀವಿಬ್ಬರೂ ಒಂದ ರಕ್ತ! ಅಣ್ಣತಮ್ಮಂದ್ರು!"

ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ತರಿಸಿದ್ದು ಒಂದೇ ಶಾಲು. ಪ್ರಿಯದರ್ಶನಿ ಅದನ್ನೇ ಬಿಡಿಸಿ ಇಬ್ಬರ ಹೆಗಲಿಗೂ ಹೊದಿಸಿದಳು. ಕ್ಯಾಮೆರಾಗಳು ಮಿಂಚಿದವು. ಆ ಬೆಳಕಿನಲ್ಲಿ ಇಬ್ಬರೂ ಒಂದೇ ಗಳಿಗೆಗೆ ಮೂರನೆಯ ಸಾಲಿನ ಕಡೆ ನೋಡಿದರು. ಅಣ್ಣತಮ್ಮಂದಿರ ಮಕ್ಕಳು ಏನಾಗಬೇಕು ಎಂಬುದನ್ನು ಅಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಚಪ್ಪಾಳೆಯ ನಡುವೆ ವೈಭವ ನಿಧಾನವಾಗಿ ಎದ್ದು ಒಂದು ಕುರ್ಚಿ ಬಿಟ್ಟು ಕೂತ. ಸಾರಿಕಾ ತಲೆ ತಗ್ಗಿಸಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಬಾಳಗೊಂಡ ಯಲಗೂರಪ್ಪನ ಕೈ ಹಿಡಿದುಕೊಂಡ. "ಬರ್ರಿ ಒಮ್ಮೆ ಮನಿಗಿ" ಎಂದಷ್ಟೇ ಹೇಳಿ, ಮಗನನ್ನು ಕರೆದುಕೊಂಡು ನಡೆದ.

ಅಷ್ಟರಲ್ಲಿ ಚೆನ್ನವ್ವನ ಫೋನು ಬಂತು.

"ಏನಾತ್ರಿ? ಸಂಬಂಧ ಗಟ್ಟಿ ಆತಿಲ್ಲೋ?"

ಯಲಗೂರಪ್ಪ ಜೀಪಿನೊಳಗೆ ಮುಖ ಆ ಕಡೆ ಮಾಡಿ ಕೂತ ಮಗಳನ್ನು ನೋಡಿದ. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ದನಿ ಅವನಿಗೇ ಕೇಳಿಸದಷ್ಟು ಮೆಲ್ಲಗೆ ಬಂತು.

"ಗಟ್ಟಿ ಆಗೇತಿ, ಚೆನ್ನವ್ವಾ. ಇಷ್ಟ ಗಟ್ಟಿ ಆಗಬಾರದಿತ್ತು."