ಹಂಡೆ ಮಾರಿದ ಮನೆ

ಸಾಲ ಮಾಡುವುದಕ್ಕೆ ನಮ್ಮ ಕಡೆ ಯಾರೂ ನಾಚಿಕೊಳ್ಳುವುದಿಲ್ಲ. ಮದುವೆಗೆ ಸಾಲ, ಎತ್ತಿಗೆ ಸಾಲ, ಕೊನೆಗೆ ತಿಥಿಗೂ ಸಾಲ. ಸಾಲ ಹುಟ್ಟದ ಮನುಷ್ಯನಿಗೆ ಊರಲ್ಲಿ ಬೆಲೆಯಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುವವರನ್ನೂ ನೋಡಿದ್ದೇನೆ. ಕೊಟ್ಟವರು ಬಂದು ಕೇಳಿದರೆ ಸುಗ್ಗಿ ಆಗಲಿ ಅನ್ನಬೇಕು; ಸುಗ್ಗಿಯಾದ ಮೇಲೆ ಇನ್ನೊಂದು ಸುಗ್ಗಿ ಇದ್ದೇ ಇರುತ್ತದೆ. ಎರಡು ಕಡೆಯವರೂ ಒಪ್ಪಿಕೊಂಡು ನಡೆಸಿಕೊಂಡು ಬಂದ ಪದ್ಧತಿ ಇದು. ಇಂಥ ಸೀಮೆಯಲ್ಲಿ ಅವಧಿಗೆ ಮುಂಚೆಯೇ ಸಾಲ ತೀರಿಸಿಬಿಡುತ್ತೇನೆ ಎಂದು ಹೊರಟವನು ನಾನೊಬ್ಬನೇ ಇರಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ಯಾರ ಬಲವಂತವೂ ಇರಲಿಲ್ಲ. ಬುದ್ಧಿ ಪೂರ್ತಿ ಸ್ವಂತದ್ದು.

ಆಣೆ ಹೋಗಿ ನಯಾಪೈಸೆ ಬಂದ ಹೊಸತು. ನಾನು ಅಜ್ಜಂಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಪಂಚನಹಳ್ಳಿ ಕಡೆಯ ತೆಂಗಿನ ತೋಟದವರ ಮಗಳು ಗಿರಿಜಳನ್ನು ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಪುಟ್ಟಿ ಆಗಷ್ಟೇ ಮಾತು ಕಲಿಯುತ್ತಿದ್ದಳು. ಹೆಣ್ಣು ಕೊಡುವಾಗ ನಮ್ಮ ಮಾವನವರು ನನ್ನೆದುರಿಗೇ ಒಂದು ಮಾತು ಅಂದಿದ್ದರು. ಹುಡುಗನಿಗೆ ಸರ್ಕಾರಿ ಸಂಬಳವಿದೆ, ಸೂರು ಮಾತ್ರ ಇಲ್ಲ, ಅಂತ. ಅದು ನನಗಿಂತ ಗಿರಿಜಳಿಗೆ ಜಾಸ್ತಿ ನಾಟಿತ್ತು. ಆದ್ದರಿಂದ ಪೇಟೆ ಬೀದಿಯಲ್ಲಿ ಎರಡಂಕಣದ ಒಂದು ಹೆಂಚಿನ ಮನೆ ಮಾರಾಟಕ್ಕೆ ಬಂದಾಗ ನಾವು ಹಿಂದೆ ಮುಂದೆ ನೋಡಲಿಲ್ಲ. ಕೈಯಲ್ಲಿದ್ದುದನ್ನು ಹಾಕಿ, ಉಳಿದದ್ದಕ್ಕೆ ಅದೇ ಮನೆಯನ್ನು ಮಂಡಿ ಸಾಹುಕಾರ್ ರುದ್ರಪ್ಪನವರಿಗೆ ಅಡವಿಟ್ಟು ಐದು ವರ್ಷದ ಅವಧಿಗೆ ಸಾಲ ತೆಗೆದೆವು. ರುದ್ರಪ್ಪನವರು ಕೆಟ್ಟವರಲ್ಲ. ಆದರೆ ಅವರ ಉಗ್ರಾಣ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಸಾಯಂಕಾಲ ಅವರು ಉಗ್ರಾಣದ ಬೀಗ ಹಾಕಿ ಹೊರಟವರು ನಮ್ಮ ಜಗಲಿಯ ಮುಂದೆ ನಿಂತು, ಮಗುವನ್ನು ಮಾತಾಡಿಸುತ್ತಲೇ ತೊಲೆಗಳ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದರು. ಅಷ್ಟು ಸಾಕಾಗಿತ್ತು, ನನಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ. ಗಿರಿಜ ದೇವರ ಪಟಕ್ಕೆ ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಪೂರ್ತಿ ನಮ್ಮದಾಗಲಿ, ಆಮೇಲೆ ಹೊಡೆದರಾಯಿತು ಅನ್ನುತ್ತಿದ್ದಳು. ದೇವರು ಕಿಟಕಿಗೆ ಒರಗಿಕೊಂಡು ಕೂತಿದ್ದ.

ದೇಶವೆಲ್ಲ ಪಂಚವಾರ್ಷಿಕ ಯೋಜನೆಯ ಮಾತಾಡುತ್ತಿದ್ದ ಕಾಲ. ನಾನೂ ಒಂದು ಯೋಜನೆ ಹಾಕಿದೆ, ಐದು ವರ್ಷದ ಸಾಲವನ್ನು ಎರಡೇ ವರ್ಷದಲ್ಲಿ ತೀರಿಸುವುದೆಂದು. ಯೋಜನೆಗೆ ಎರಡು ಭಾಗ, ಖರ್ಚು ಕಡಿಮೆ ಮಾಡುವುದು ಮತ್ತು ಬೇಡದ್ದನ್ನು ಮಾರುವುದು. ಖರ್ಚಿನ ಭಾಗ ಮೊದಲ ದಿನವೇ ಸ್ವಲ್ಪ ಕುಂಟಿತು. ಎರಡು ಹೊತ್ತಿನ ಕಾಫಿ ಒಂದು ಹೊತ್ತಾಯಿತು. ಗಿರಿಜಳ ಹೂವು ನಿಂತಿತು. ಪುಟ್ಟಿಯ ಬಿಸ್ಕತ್ತು ನಿಂತಿತು. ನನ್ನ ಎಲೆಅಡಿಕೆಯನ್ನು ಮಾತ್ರ ನಾನು ಅಗತ್ಯ ವಸ್ತುಗಳ ಜೊತೆ, ಉಪ್ಪಿನ ಪಕ್ಕ ಸೇರಿಸಿದ್ದೆ. ಗಿರಿಜ ಎಲ್ಲ ಕೇಳಿಸಿಕೊಂಡು, ಹಾಗಾದರೆ ನಾಳೆಯಿಂದ ಸಾರಿಗೆ ಉಪ್ಪಿನ ಬದಲು ಅದನ್ನೇ ಹಾಕುತ್ತೇನೆ ಎಂದಳು. ಎಲೆಅಡಿಕೆಯೂ ಹೋಯಿತು. ಆಮೇಲೆ ನನಗೆ ಇನ್ನೊಂದು ಉಪಾಯ ಹೊಳೆಯಿತು. ತಿಂಗಳು ತಿಂಗಳು ಬಡ್ಡಿ ಕೊಟ್ಟು ಕೈ ಬರಿದು ಮಾಡಿಕೊಳ್ಳುವುದಕ್ಕಿಂತ, ಆ ದುಡ್ಡನ್ನೂ ಕೂಡಿಟ್ಟು ಕೊನೆಗೆ ಅಸಲು ಬಡ್ಡಿ ಎಲ್ಲ ಒಂದೇ ಸಲ ಸಾಹುಕಾರರ ಮುಂದಿಟ್ಟರೆ ಎಷ್ಟು ಲಕ್ಷಣ! ಈ ಉಪಾಯವನ್ನು ನಾನು ಸಾಹುಕಾರರಿಗೆ ಹೇಳಲಿಲ್ಲ. ಅವರಿಗೆ ಆಶ್ಚರ್ಯವಾಗಲಿ ಎಂದಿತ್ತು ನನ್ನ ಆಸೆ.

ಬೇಡದ್ದನ್ನು ಮಾರುವ ವಿಚಾರ ಬಂದದ್ದು ನಮ್ಮ ಡಾಕ್ಟರ ಬಾಯಿಂದ. ಊರಿಂದೂರಿಗೆ ವರ್ಗವಾಗಿ ಬೇಸತ್ತ ಮನುಷ್ಯ ಅವರು. ಸಂಸಾರ ಅಂದರೆ ಒಂದು ಎತ್ತಿನ ಗಾಡಿಯಲ್ಲಿ ಹಿಡಿಸಬೇಕು ಕಣ್ರೀ, ಮಿಕ್ಕಿದ್ದೆಲ್ಲ ಧೂಳು ತಿನ್ನೋಕೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಧೂಳು ತಿನ್ನುವುದಕ್ಕೆ ಬೇಕಾದಷ್ಟಿತ್ತು. ನಮ್ಮ ಅಜ್ಜಿ ಕಾಲದ ಕೊಪ್ಪರಿಗೆ, ನೂರು ಜನಕ್ಕೆ ಅನ್ನ ಬಸಿಯುವ ತಪ್ಪಲೆ, ಕಾಲು ಮುರಿದ ಮಂಚ, ತೂಗುದೀಪ, ಮದುವೆಯಲ್ಲಿ ಬಂದ ಹಿತ್ತಾಳೆ ಬಿಂದಿಗೆಗಳು. ಇವುಗಳ ಮೇಲೆ ಕಳಶವಿಟ್ಟ ಹಾಗೆ ಬಚ್ಚಲುಮನೆಯ ತಾಮ್ರದ ಹಂಡೆ. ಮೂವರ ಸ್ನಾನಕ್ಕೆ ಅಷ್ಟು ದೊಡ್ಡ ಹಂಡೆ ಯಾಕೆ, ಸೌದೆಯೂ ದಂಡ, ಮಣ್ಣಿನ ಮಡಕೆ ಸಾಲದೇ ಎಂದು ನಾನು ವಾದಿಸಿದೆ. ಹಂಡೆ ಒಂದನ್ನು ಮಾರುವುದು ಬೇಡ ಎಂದು ಗಿರಿಜ ಅಂದಳು. ಯಾಕೆ ಎಂದು ಕೇಳಿದ್ದಕ್ಕೆ, ಯಾಕೋ ಬೇಡ ಅಂದಳು. ಕಾರಣ ಹೇಳಲಾಗದ ಮಾತನ್ನು ನಾನು ಆ ಕಾಲದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ತರೀಕೆರೆಯ ಪಾತ್ರೆ ಅಂಗಡಿಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆಂದು ಗೊತ್ತಾಗಿ ಒಂದು ಗಾಡಿ ಗೊತ್ತುಮಾಡಿದೆ. ಮೇಲೆ ಗೋಣಿತಾಟು ಹೊದಿಸಿ, ನಸುಕಿನಲ್ಲೇ ಹೊರಡಿ ಎಂದಳು ಗಿರಿಜ. ನನಗೆ ರೇಗಿತು. ನಮ್ಮ ಪಾತ್ರೆ ನಾವು ಮಾರುವುದಕ್ಕೆ ಕಳ್ಳರ ಹಾಗೆ ಹೋಗಬೇಕೇ? ಒಳ್ಳೆ ಬಿಸಿಲೇರಿದ ಮೇಲೆ, ಹಂಡೆಯನ್ನು ಎಲ್ಲದರ ಮೇಲೆ ಬೋರಲು ಹಾಕಿಸಿ, ನಾನು ಗಾಡಿಯ ಮುಂದೆ ಕೊಡೆ ಬಿಚ್ಚಿಕೊಂಡು ಪೇಟೆ ಬೀದಿಯ ಉದ್ದಕ್ಕೂ ನಡೆದೆ. ಹುಣಸೆಹುಳಿ ಹಾಕಿ ತಿಕ್ಕಿದ ಹಂಡೆ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಎದುರಾದವರೆಲ್ಲ ವರ್ಗ ಆಯಿತೇ ಎಂದು ಕೇಳಿದರು. ಇಲ್ಲ ಅಂದೆ. ಯಾರದೋ ಮದುವೆಗೆ ಪಾತ್ರೆ ಕಳಿಸುತ್ತಿದ್ದೀರೋ ಎಂದರು. ಇಲ್ಲ, ಮಾರುವುದಕ್ಕೆ ಅಂದೆ. ಯಾರೂ ಮೂರನೆಯ ಪ್ರಶ್ನೆ ಕೇಳಲಿಲ್ಲ. ಜನ ಎಷ್ಟು ಬೇಗ ಅರ್ಥ ಮಾಡಿಕೊಳ್ಳುತ್ತಾರಲ್ಲ ಎಂದು ಸಂತೋಷಪಟ್ಟೆ.

ಅರ್ಥ ಮಾಡಿಕೊಂಡಿದ್ದರು, ನಿಜ. ನಮ್ಮ ಸೀಮೆಯಲ್ಲಿ ಒಡವೆ ಅಡವಿಡುವುದು ಮಾಮೂಲು, ಎತ್ತು ಮಾರುವುದು ವ್ಯಾಪಾರ. ಬಚ್ಚಲ ಹಂಡೆ ಮಾತ್ರ ಮನೆ ಮುಳುಗಿದ ಮೇಲೆ ಹೊಸಿಲು ದಾಟುವ ವಸ್ತು. ಇದನ್ನು ಊರಲ್ಲಿ ಹಾಲುಗಲ್ಲದ ಮಗುವೂ ಬಲ್ಲದು. ಯೋಜನೆ ಹಾಕಿದವನಿಗೆ ಮಾತ್ರ ತಿಳಿದಿರಲಿಲ್ಲ. ಸುದ್ದಿ ಅಜ್ಜಂಪುರದಲ್ಲಿ ಕಾಂಪೌಂಡರು ಹಂಡೆ ಮಾರಿದರಂತೆ ಎಂದು ಹುಟ್ಟಿ, ತರೀಕೆರೆ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಪಾತ್ರೆಪಡಗವೆಲ್ಲ ಹೋಯಿತಂತೆ ಎಂದಾಗಿ, ಕಡೂರು ಸಂತೆಯಲ್ಲಿ ಕೆಲಸವನ್ನೂ ಕಳೆದುಕೊಂಡರಂತೆ ಎಂದು ಬೆಳೆಯಿತು. ಪಂಚನಹಳ್ಳಿ ಮುಟ್ಟಿದಾಗ ಅದಕ್ಕೆ ಇಸ್ಪೀಟೂ ಸೇರಿಕೊಂಡಿತ್ತು.

ಮೊದಲು ಕೈ ಬಿಟ್ಟವರು ದಿನಸಿ ಅಂಗಡಿಯ ಶೆಟ್ಟರು. ಇನ್ನು ಉದ್ರಿ ಇಲ್ಲ, ತಪ್ಪು ತಿಳೀಬೇಡಿ ಎಂದು ಬಹಳ ನೊಂದುಕೊಂಡು ಹೇಳಿದರು. ಆಮೇಲೆ ಸಾಹುಕಾರರು ಬಂದರು. ಅವರಿಗೆ ನಾನು ಆಸೆಪಟ್ಟ ಆಶ್ಚರ್ಯ ಆಗಲೇ ಆಗಿಹೋಗಿತ್ತು. ಮೂರು ತಿಂಗಳಿಂದ ಬಡ್ಡಿ ಬಂದಿಲ್ಲ, ಹಂಡೆ ಮಾರಿದ್ದಾರೆ. ಎರಡನ್ನೂ ಕೂಡಿಸಿದರೆ ಯಾವ ಸಾಹುಕಾರನಿಗೂ ಬರುವ ಉತ್ತರ ಒಂದೇ. ಈ ಸಲ ಅವರು ಮಗುವನ್ನು ಮಾತಾಡಿಸಲಿಲ್ಲ, ನೇರವಾಗಿ ತೊಲೆಗಳನ್ನೇ ನೋಡಿದರು. ಬಡ್ಡಿ ತಪ್ಪಿದರೆ ಅವಧಿ ಲೆಕ್ಕಕ್ಕಿಲ್ಲ ಎಂದು ಪತ್ರದಲ್ಲೇ ಬರೆದಿತ್ತು. ಬರುವ ಯುಗಾದಿಯೊಳಗೆ ಪೂರ್ತಿ ತೀರಿಸಬೇಕು, ಇಲ್ಲದಿದ್ದರೆ ಮನೆ ಬಿಟ್ಟುಕೊಡಬೇಕು ಎಂದು ತಣ್ಣಗೆ ಹೇಳಿ ಹೊರಟರು. ನಾನು ಅದುವರೆಗಿನ ಬಡ್ಡಿಯನ್ನು ಈಗಲೇ ತಂದು ಕೊಡುತ್ತೇನೆಂದು ಬೀದಿಯ ತುದಿಯವರೆಗೂ ಹಿಂದೆ ಹೋದೆ. ಅವರು ಬಡ್ಡಿ ತೆಗೆದುಕೊಂಡರು, ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ಯೋಜನೆ ಎಂಟೇ ತಿಂಗಳಿಗೆ ಇಳಿಯಿತು. ಆ ದಿನ ನನಗೆ ನಿಜವಾಗಿ ಭಯವಾಯಿತು.

ಅದೇ ವಾರ ಮಾವನವರು ಬಸ್ಸಿಳಿದರು. ಒಂದು ಮೂಟೆ ತೆಂಗಿನಕಾಯಿ, ಪಂಚೆಯ ಸೆರಗಿನಲ್ಲಿ ಕಟ್ಟಿದ ಹಣದ ಗಂಟು, ಜೊತೆಗೆ ನಾನು ಮಾರಿದ್ದಕ್ಕಿಂತ ಒಂದು ಗೇಣು ದೊಡ್ಡದಾದ ಹಂಡೆ. ನನ್ನ ಕ್ಷೇಮ ವಿಚಾರಿಸುತ್ತ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಇಸ್ಪೀಟು ಆಡುವವರ ಬೆರಳು ಹೇಗಿರುತ್ತದೋ, ನನಗೆ ಈವರೆಗೂ ಗೊತ್ತಿಲ್ಲ. ಗಿರಿಜ ಅವರಿಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

"ಅಪ್ಪಾ, ನಮಗೆ ಯಾವ ತೊಂದ್ರೆನೂ ಬಂದಿಲ್ಲ. ಮನೆ ಸಾಲ ಬೇಗ ತೀರ್ಲಿ ಅಂತ ಮಾರಿದ್ವಿ, ಅಷ್ಟೇ."

"ತೊಂದ್ರೆ ಇಲ್ದೋರು ಹಂಡೆ ಮಾರ್ತಾರೇನವ್ವ?" ಅಂದರು ಮಾವನವರು.

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಡಾಕ್ಟರು, ಎತ್ತಿನ ಗಾಡಿ, ಧೂಳು ಎಲ್ಲವನ್ನೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ಅಳಿಯಂದಿರು ಸ್ವಲ್ಪ ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಮಗಳಿಗೆ ಹೇಳಿದರು. ಗಿರಿಜ ಹಣದ ಗಂಟನ್ನು ಬಿಚ್ಚದೆ ಹಾಗೇ ವಾಪಸ್ ಕೊಟ್ಟಳು. ಸೂರಿಲ್ಲ ಎಂದ ಅಪ್ಪನ ಹಣದಲ್ಲಿ ಸೂರು ಬಿಡಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಹಂಡೆಯನ್ನು ಮಾತ್ರ ವಾಪಸ್ ಕೊಡುವ ಹಾಗಿರಲಿಲ್ಲ. ತವರಿನಿಂದ ಬಂದ ಪಾತ್ರೆಯನ್ನು ತಿರುಗಿ ಕಳಿಸಿದರೆ ಶುಭವಲ್ಲವಂತೆ.

ಅಲ್ಲಿಂದ ಸಾಮಾನು ಬರುವುದಕ್ಕೆ ಶುರುವಾಯಿತು. ನಮ್ಮ ದೊಡ್ಡಮ್ಮ ಎರಡು ಬಿಂದಿಗೆ ಕಳಿಸಿದರು. ಗಿರಿಜಳ ಸೋದರತ್ತೆ ತಪ್ಪಲೆ ಕೊಟ್ಟರು. ಪಕ್ಕದ ಮನೆ ಪುಟ್ಟತಾಯಮ್ಮನವರು ಒಂದು ಚೀಲ ರಾಗಿ ತಂದು ನಮ್ಮ ನಡುಮನೆಯಲ್ಲಿ ಇಳಿಸಿ, ಪುಟ್ಟಿಯ ತಲೆ ಸವರಿ ಹೋದರು. ಆಸ್ಪತ್ರೆಗೆ ದನ ಹೊಡೆದುಕೊಂಡು ಬರುವ ರೈತರಿಂದ ಒಂದು ಬದನೆಕಾಯಿಯನ್ನೂ ಮುಟ್ಟದ ಮನುಷ್ಯ ನಾನು. ಈಗ ಅವರು ಆಸ್ಪತ್ರೆಗೆ ತರದೆ ನೇರ ಮನೆಗೇ ಬೆಣ್ಣೆ, ಬೆಲ್ಲ, ಅವರೆಕಾಯಿ ಮುಟ್ಟಿಸಿ, ಇರ್ಲಿ ಬಿಡವ್ವಾ, ಕಷ್ಟ ಯಾರಿಗ್ ಬರಲ್ಲ ಎಂದು ಗಿರಿಜಳಿಗೇ ಸಮಾಧಾನ ಹೇಳಿ ಹೋಗುತ್ತಿದ್ದರು. ಪ್ರತಿಯೊಬ್ಬರಿಗೂ ಅವಳು ನಿಜ ಹೇಳಿದಳು. ಹೇಳಿದಷ್ಟೂ ಜನರ ಕಣ್ಣಲ್ಲಿ ನೀರು ಬಂತು. ಎಂಥಾ ಮರ್ಯಾದಸ್ಥ ಹೆಣ್ಣುಮಗಳು, ಗಂಡನನ್ನು ಬಿಟ್ಟುಕೊಡುವುದಿಲ್ಲವಲ್ಲ ಎಂದು ಊರು ಕೊಂಡಾಡಿತು.

ಮನೆಯಲ್ಲಿ ಮಾರುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಪಾತ್ರೆ ಸೇರಿ, ರಾತ್ರಿ ನೀರು ಕುಡಿಯಲು ಎದ್ದರೆ ಎಡವುವ ಹಾಗಾಯಿತು. ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನ ಯೋಜನೆಯಿಂದ ಆಗದ ಉಳಿತಾಯ ಊರಿನ ಕನಿಕರದಿಂದ ಆಯಿತು. ಶೆಟ್ಟರು ಉದ್ರಿ ನಿಲ್ಲಿಸಿದ್ದರಿಂದ ಬೇಡದ ಸಾಮಾನು ಮನೆಗೆ ಬರಲಿಲ್ಲ. ರಾಗಿ, ಬೆಲ್ಲ, ಕಾಯಿ ಕೊಳ್ಳುವ ಪ್ರಮೇಯವೇ ಬರಲಿಲ್ಲ. ಹಬ್ಬಕ್ಕೆ ಬಟ್ಟೆ ತೆಗೆಯದಿದ್ದರೂ ಯಾರೂ ಆಡಿಕೊಳ್ಳಲಿಲ್ಲ, ಮದುವೆಗೆ ಹೋಗಿ ಮುಯ್ಯಿ ಮಾಡಹೋದರೆ ಕೈ ಹಿಡಿದು ಆ ದುಡ್ಡನ್ನು ವಾಪಸ್ ಜೇಬಿಗೆ ಹಾಕಿದರು. ಸಂಬಳ ಬಂದದ್ದು ಬಂದ ಹಾಗೇ ನಿಂತಿತು. ನನಗೆ ನಾಚಿಕೆಯಾಗುತ್ತಿತ್ತು, ಹೊಟ್ಟೆಯೂ ತುಂಬುತ್ತಿತ್ತು. ಯುಗಾದಿಗೆ ಇನ್ನೂ ಹದಿನೈದು ದಿನವಿರುವಾಗಲೇ, ಪಾತ್ರೆ ಮಾರಿದ ಹಣವೂ ಸೇರಿ, ಸಾಹುಕಾರರ ಅಸಲು ಪೂರ್ತಿ ಒದಗಿತು.

ಸಾಲ ತೀರಿತೆಂಬ ಖುಲಾಸೆ ಪತ್ರ ಮಾಡಿಸಲು ತರೀಕೆರೆಯ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕಿತ್ತು. ಗಿರಿಜಳೂ ಬಂದಳು. ಸಾಹುಕಾರರು ನೋಟುಗಳನ್ನು ಎರಡು ಸಲ ಎಣಿಸಿ, ರುಜು ಹಾಕಿ, ಹಳೆಯ ಪತ್ರವನ್ನು ನನ್ನ ಕೈಗಿತ್ತರು. ಆಮೇಲೆ ನನ್ನನ್ನು ಕಚೇರಿಯ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಬಹಳ ಸಲಿಗೆಯಿಂದ ಕೇಳಿದರು.

"ನಂಗೊಬ್ನಿಗೆ ಹೇಳಿ ಕಾಂಪೌಂಡ್ರೇ, ಇದನ್ನ ತೀರ್ಸೋಕೆ ಯಾರ ಹತ್ರ ಸಾಲ ಮಾಡಿದ್ರಿ?"

ಆ ಪ್ರಶ್ನೆಗೆ ನಾನು ಎಂಟು ತಿಂಗಳಿಂದ ಕಾದಿದ್ದವನ ಹಾಗೆ ಎದೆ ಸೆಟೆಸಿ, ಯಾರ ಹತ್ತಿರವೂ ಇಲ್ಲ, ಒಂದು ಕಾಸೂ ಇಲ್ಲ ಅಂದೆ. ಸಾಹುಕಾರರು ನಂಬಲಿಲ್ಲ. ಅದು ಅವರ ಕರ್ಮ ಎಂದುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಗಿರಿಜ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಊರು ಹತ್ತಿರ ಬಂದಾಗ ಮೆಲ್ಲಗೆ ಅಂದಳು.

"ಸಾಹುಕಾರ್ರ ಹತ್ರ ಸುಳ್ಳು ಹೇಳಿದ್ರಲ್ರೀ. ಪುಟ್ಟತಾಯಮ್ಮನ ರಾಗಿ, ದೊಡ್ಡಮ್ಮನ ಬಿಂದಿಗೆ, ಆ ದನದೋರ ಬೆಣ್ಣೆ, ಅದೆಲ್ಲ ಏನು?"

ನನ್ನ ಎದೆ ಇಳಿಯಿತು. ಸಾಹುಕಾರರೊಬ್ಬರ ಸಾಲ ತೀರಿಸಿ ಊರಿಗೆ ಊರನ್ನೇ ನನಗೆ ಸಾಲ ಕೊಟ್ಟವರ ಪಟ್ಟಿಗೆ ಸೇರಿಸಿಕೊಂಡಿದ್ದೆ. ಈ ಸಾಲಕ್ಕೆ ಪತ್ರವಿಲ್ಲ, ಖುಲಾಸೆಯೂ ಇಲ್ಲ. ಏನಾದರೂ ಮಾಡಬೇಕು, ಒಬ್ಬೊಬ್ಬರಿಗೂ ಲೆಕ್ಕ ಹಾಕಿ, ವರ್ಷದೊಳಗೆ ಎಂದು ಶುರು ಮಾಡಿದೆ. ಗಿರಿಜ ಕೈ ಮುಗಿದಳು.

"ನಿಮ್ಮ ದಮ್ಮಯ್ಯ, ಇದನ್ನ ಬೇಗ ತೀರ್ಸೋ ಯೋಜನೆ ಮಾತ್ರ ಹಾಕ್ಬೇಡಿ."

ಮನೆ ಮುಟ್ಟಿದಾಗ ಪುಟ್ಟತಾಯಮ್ಮನವರು ನಮ್ಮ ಜಗಲಿಯ ಮೇಲೆಯೇ ಕೂತಿದ್ದರು. ನಾವು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಹುಕಾರರ ಜೊತೆ ನಿಂತಿದ್ದನ್ನು ಯಾರೋ ನೋಡಿ, ನಮಗಿಂತ ಮುಂಚಿನ ಬಸ್ಸಿಗೆ ಬಂದು ಹೇಳಿದ್ದರು. ಅವರು ಗಿರಿಜಳ ಕೈ ಹಿಡಿದುಕೊಂಡು, ಮನೆ ಹೋದ್ರೆ ಹೋಯ್ತು ಬಿಡವ್ವಾ, ನಮ್ಮ ಹಿಂದಿನ ಕೋಣೆ ಖಾಲಿ ಇದೆ, ಬಾಡಿಗೆ ಗೀಡಿಗೆ ಅನ್ಬೇಡ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ ಇತ್ತು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ನಾನು ಪತ್ರ ಬಿಚ್ಚಿ ತೋರಿಸಿ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಾರಿನ ಒಗ್ಗರಣೆ ಮೂಗಿಗೆ ಬಡಿಯಿತು. ಬೆಳಗಿನಿಂದ ಖರ್ಚು ಉಳಿಸಲೆಂದು ತರೀಕೆರೆಯಲ್ಲಿ ಏನೂ ತಿಂದಿರಲಿಲ್ಲ. ನಿಜವನ್ನು ಊಟವಾದ ಮೇಲೆ ಹೇಳಿದರೂ ನಡೆಯುತ್ತದೆ ಅನ್ನಿಸಿತು.