ನಮ್ಮತ್ತೆಯ ಹಂಡೆಗೆ ಸವಕಳಿ

ತೆರಿಗೆ ಕಡಿಮೆಯಾಯಿತೆಂದು ತೆರಿಗೆ ಕಚೇರಿಗೇ ಹೋಗಿ ಜಗಳ ತೆಗೆದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ! ದೂರದವರಲ್ಲ, ನನ್ನ ಸೋದರತ್ತೆ. ಆಕೆ ಜಗಳವಾಡುವಾಗ ಪಕ್ಕದ ಕುರ್ಚಿಯಲ್ಲಿ ಬೆವರುತ್ತ ಕುಳಿತಿದ್ದವನೂ ನಾನೇ. ಹೆಸರು ಮಾತ್ರ ಕೇಳಬೇಡಿ. ಹೇಳಿದೆನೆಂದು ಗೊತ್ತಾದರೆ ಅದಕ್ಕೂ ನನ್ನಿಂದ ಬಾಡಿಗೆ ವಸೂಲು ಮಾಡಿಯಾಳು.

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನಲ್ಲಿ ಯಾರ ಮನೆಯ ಮದುವೆಯಿರಲಿ, ಅಡಿಗೆಯ ಪಾತ್ರೆ ಬರುತ್ತಿದ್ದುದು ಅತ್ತೆಯ ಅಂಗಡಿಯಿಂದಲೇ. ತಾಮ್ರದ ಹಂಡೆ, ಕೊಪ್ಪರಿಗೆ, ಹಿಟ್ಟು ನಾದುವ ಅಗಲವಾದ ಪರಾತ, ಆಳೆತ್ತರದ ಸೌಟು, ಎಲ್ಲವೂ ಬಾಡಿಗೆಗೆ. ಪಾತ್ರೆ ಮರಳಿ ಬಂದರೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚಿ ಕೇಳುತ್ತಿದ್ದಳು.

"ಇದರಾಗ ಶಿರಾ ತಳ ಹತ್ತಿಸೀರಿ."

"ಇಲ್ರಿ ಅವ್ವಾರ, ಖರೇನ ಇಲ್ಲ!"

"ಹಂಡಿ ಸುಳ್ಳ ಹೇಳ್ತೈತೇನು?"

ಅಲ್ಲಿಗೆ ಬೀಗರು, ಅಡಿಗೆಯವರು, ಬಡಿಸಿದವರು ಎಲ್ಲರೂ ತಪ್ಪೊಪ್ಪಿಕೊಳ್ಳುತ್ತಿದ್ದರು!

ಅಂಗಡಿ ಮೊದಲು ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ ಮತ್ತು ಅವರ ತಮ್ಮ, ಇಬ್ಬರ ಪಾಲುದಾರಿಕೆಯಲ್ಲಿತ್ತು. ಮಾಮಾ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಅತ್ತೆ ಬಂದಳು. ಪಾತ್ರೆಗಳನ್ನು ಅತ್ತೆ ನೋಡುತ್ತಿದ್ದಳು, ಲೆಕ್ಕವನ್ನು ಮೈದುನ. ಎರಡು ವರ್ಷ ಸುಸೂತ್ರವಾಗಿ ನಡೆಯಿತು. ಒಂದು ದಿನ ಮೈದುನ ಬಹಳ ಮೆತ್ತಗಿನ ದನಿಯಲ್ಲಿ ಮಾತು ತೆಗೆದ.

"ವೈನಿ, ಈ ವಯಸ್ಸಿನಾಗ ನಿಮಗ್ಯಾಕ ಇಷ್ಟು ತ್ರಾಸ? ನಿಮ್ಮ ಪಾಲು ತಗೊಂಡು ಆರಾಮ ಇರ್ರಿ."

"ಎಷ್ಟಾಗ್ತೈತಿ ನನ್ನ ಪಾಲು?"

"ಪುಸ್ತಕದ ಪ್ರಕಾರ ಒಂಬೈನೂರಾ ಇಪ್ಪತ್ತು ರೂಪಾಯಿ."

"ಇಷ್ಟೂ ಹಂಡೇಕ? ನೀ ಬರೇ ಸೌಟಿನ ಲೆಕ್ಕ ಹೇಳಾಕತ್ತಿ!"

"ಸವಕಳಿ ರೀ ವೈನಿ. ವರ್ಷಾ ವರ್ಷಾ ಸಾಮಾನಿನ ಬೆಲಿ ಇಳಕೋತ ಹೋಗ್ತೈತಿ. ಸರಕಾರದ ಕಾನೂನ ಅದು."

ಕರಾರುಪತ್ರವನ್ನೂ ತೋರಿಸಿದ. ಪಾಲುದಾರರಿಗೆ ಹೊಂದಿಕೆಯಾಗದಿದ್ದರೆ ಒಬ್ಬರು ಇನ್ನೊಬ್ಬರಿಗೆ ಪುಸ್ತಕದ ಬೆಲೆಯಂತೆ ಪಾಲು ಕೊಟ್ಟು ಅಂಗಡಿ ಇಟ್ಟುಕೊಳ್ಳಬೇಕು ಎಂದು ಅದರಲ್ಲಿತ್ತು. ಕೆಳಗೆ ಅತ್ತೆಯ ಸಹಿಯೂ ಇತ್ತು. ಅತ್ತೆ ಯುಗಾದಿಯವರೆಗೆ ಗಡುವು ಕೇಳಿದಳು. ಆ ಅಂಗಡಿ ಹೋದರೆ ಆಕೆಗೆ ಬೇರೆ ಆಧಾರವಿರಲಿಲ್ಲ.

ಮರು ಭಾನುವಾರ ಬಾಗಲಕೋಟೆಯಲ್ಲಿ ನನ್ನ ಮನೆಯ ಬಾಗಿಲಲ್ಲಿ ಅತ್ತೆ! ನಾನಾಗ ಅಲ್ಲಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ.

"ನೀ ಹುಡುಗೂರಿಗೆ ಲೆಕ್ಕಪತ್ರ ಕಲಸ್ತೀಯಂತಲ್ಲ. ನನಗೂ ಕಲಸು."

ಆಕೆ ಓದಿದ್ದು ನಾಲ್ಕನೆಯ ಇಯತ್ತೆ. ನಾನು ನಕ್ಕೆ. ಅಂದು ನಕ್ಕದ್ದೇ ಕೊನೆ! ಪ್ರತಿ ಭಾನುವಾರ ಮೊದಲ ಬಸ್ಸು ಹಿಡಿದು ಹುನಗುಂದದ ಮೇಲೆ ಬಂದಿಳಿಯುತ್ತಿದ್ದಳು. ಫೀಜಿನ ಬಾಬ್ತು ಹತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಮೊದಲ ದಿನವೇ ನಾನು ಬಹು ಗತ್ತಿನಿಂದ ಮೂಲಸೂತ್ರ ಹೇಳಿದೆ: ಒಳಬಂದ ಸಾಮಾನನ್ನು ಖರ್ಚಿನ ಕಡೆ ಬರೆಯಬೇಕು, ಹೊರಹೋದದ್ದನ್ನು ಜಮೆಯ ಕಡೆ.

"ಮನೀಗೆ ಬಂದದ್ದು ಖರ್ಚು, ಮನೀ ಬಿಟ್ಟು ಹೋದದ್ದು ಜಮಾ? ಯಾವ ಶ್ಯಾಣ್ಯಾ ಹುಡುಕ್ಯಾನ ಇದನ್ನ?"

ಹತ್ತು ವರ್ಷ ಪಾಠ ಮಾಡಿದ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ, ಇನ್ನು ಉತ್ತರದ ಮಾತೆಲ್ಲಿ! ಆದರೂ ಮೂರು ತಿಂಗಳಲ್ಲಿ ಅತ್ತೆ ಖರ್ಚು-ಜಮೆಗಳ ತಾಳೆಪಟ್ಟಿ ಹಾಕತೊಡಗಿದಳು. ಒಮ್ಮೆ ಆಕೆಯ ಉತ್ತರ ಪಠ್ಯಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ನಾನು ಗದರಿದೆ. ಕೂಡಿ ನೋಡಿದರೆ ಪುಸ್ತಕವೇ ತಪ್ಪು! ಆ ತಪ್ಪು ಉತ್ತರವನ್ನೇ ನಾನು ವರ್ಷಗಟ್ಟಲೆ ಹುಡುಗರಿಗೆ ಬರೆಸಿದ್ದೆ. ದಯವಿಟ್ಟು ಇದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ.

ಆದರೆ ಸವಕಳಿ ಮಾತ್ರ ಆಕೆಯ ಗಂಟಲಲ್ಲಿ ಇಳಿಯಲಿಲ್ಲ. "ಕಲಾಯಿ ಹಾಕಿಸಿ ಕನ್ನಡಿ ಮಾಡಿಟ್ಟೇನಿ, ಸವದದ್ದೆಲ್ಲಿ? ಹೇಳಿದವರನ್ನ ಕೇಳೂಣು ನಡಿ" ಎಂದು ಒಂದು ಸೋಮವಾರ ದೊಡ್ಡ ಹಂಡೆಯನ್ನೇ ಹೊತ್ತು ಬಂದಳು. ಬಸ್ಸಿನಲ್ಲಿ ಕಂಡಕ್ಟರ್ ಹಂಡೆಗೆ ಲಗೇಜ್ ಟಿಕೇಟು ಹರಿದನಂತೆ. "ಹರಿ ಹರಿ, ಖರ್ಚಿನಾಗ ಬರೀತೇನಿ" ಎಂದಳಂತೆ ಅತ್ತೆ.

ಆದಾಯ ತೆರಿಗೆಯ ಅಧಿಕಾರಿ ಮೈಸೂರು ಕಡೆಯವರು, ಸಂಭಾವಿತರು. ಹಂಡೆಯನ್ನೂ ಅತ್ತೆಯನ್ನೂ ನೋಡಿ ಮೆಲ್ಲಗೆ ಹೇಳಿದರು: "ನೋಡಿ ತಾಯಿ, ಸವಕಳಿ ಕಳೆದರೆ ತೆರಿಗೆ ಕಡಿಮೆಯಾಗುತ್ತದೆ. ಅದರಿಂದ ನಿಮಗೇ ಲಾಭ."

"ತೆರಿಗಿ ಎಷ್ಟರ ತಗೋರಿ ಸಾಹೇಬ್ರ! ನನ್ನ ಹಂಡಿ ಸವದೈತಿ ಅಂತ ಮಾತ್ರ ಬರೀಬ್ಯಾಡ್ರಿ. ಕೇಳ್ರಿ ಬೇಕಾದ್ರ!"

ಠಣ್! ಇಡೀ ಕಚೇರಿ ನಡುಗಿತು. ಪಕ್ಕದ ಕೋಣೆಯ ಇಬ್ಬರು ಗುಮಾಸ್ತರು ಊಟದ ಗಂಟೆಯೆಂದು ಡಬ್ಬಿ ಹಿಡಿದು ಹೊರಗೇ ಬಂದುಬಿಟ್ಟರು!

ಅಧಿಕಾರಿ ಮನಸಾರೆ ನಕ್ಕು ಚಹಾ ತರಿಸಿದರು. "ತಾಯಿ, ಪುಸ್ತಕದ ಬೆಲೆ ಬೇರೆ, ಪೇಟೆಯ ಬೆಲೆ ಬೇರೆ. ಪುಸ್ತಕದ ಬೆಲೆ ನಮ್ಮ ತೆರಿಗೆಯ ಲೆಕ್ಕಕ್ಕಷ್ಟೇ. ಆ ಬೆಲೆಗೆ ಹಂಡೆ ಕೊಟ್ಟುಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ."

"ಆ ಬೆಲಿಗೆ ಯಾರೂ ಕೊಡೂದಿಲ್ಲೇನ್ರಿ?"

"ಬುದ್ಧಿ ನೆಟ್ಟಗಿದ್ದವರು ಯಾರೂ ಕೊಡುವುದಿಲ್ಲ."

ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟಳು. ಬಸ್ಸು ಹತ್ತುವ ಮುನ್ನ ಒಂದೇ ಪ್ರಶ್ನೆ ಕೇಳಿದಳು: "ಆ ಕರಾರಿನಾಗ ಯಾರು ಯಾರಿಗೆ ರೊಕ್ಕಾ ಕೊಡಬೇಕು ಅಂತ ಬರದೈತೇನು?"

"ಇಲ್ಲ. ಒಬ್ಬರು ಇನ್ನೊಬ್ಬರಿಗೆ ಅಂತಷ್ಟ ಐತಿ."

ಅತ್ತೆ ನಕ್ಕಳು. ನನಗೇಕೋ ಆ ಮೈದುನನ ಮೇಲೆ ಕನಿಕರ ಹುಟ್ಟಿತು.

ಯುಗಾದಿ ಮುಗಿಯಿತು. ಅಂಗಡಿಯಲ್ಲಿ ನಾಲ್ವರು ಹಿರಿಯರು ಸೇರಿದರು, ನಾನೂ ಹೋಗಿದ್ದೆ. ಮೈದುನ ಪುಸ್ತಕ ತೆರೆದು ಲೆಕ್ಕ ಓದಿ ಹೇಳಿದ: ಒಟ್ಟು ಸಾವಿರದ ಎಂಟುನೂರಾ ನಲವತ್ತು, ಅರ್ಧ ಒಂಬೈನೂರಾ ಇಪ್ಪತ್ತು.

"ತಮ್ಮಾ, ಈ ಬೆಲಿ ನ್ಯಾಯದ್ದ ಐತಿ?" ಅತ್ತೆ ಕೇಳಿದಳು.

"ನ್ಯಾಯದ್ದ ರೀ ವೈನಿ."

"ಯಾರಿಗೂ ಮೋಸ ಇಲ್ಲಲ್ಲ?"

"ಏನ್ ಮಾತಂತ ಆಡ್ತೀರಿ! ಸರಕಾರನ ಒಪ್ಪಿದ ಲೆಕ್ಕ ಇದು."

"ಹಿರ್ಯಾರ, ಎಲ್ಲಾರೂ ಕೇಳಿದ್ರಿಲ್ಲೊ?" ಎಂದವಳೇ ಸೆರಗಿನ ಗಂಟು ಬಿಚ್ಚಿ ಒಂಬೈನೂರಾ ಇಪ್ಪತ್ತು ರೂಪಾಯಿಗಳನ್ನು ಮೈದುನನ ಮುಂದಿಟ್ಟಳು. "ತಗೋ, ಇದು ನಿನ್ನ ಪಾಲು. ಅಂಗಡಿ ನಾ ಇಟ್ಕೋತೇನಿ."

ಒಬ್ಬ ಹಿರಿಯರು ಬಾಯಲ್ಲಿದ್ದ ಎಲೆ-ಅಡಿಕೆ ಸಮೇತ ನಕ್ಕುಬಿಟ್ಟರು.

"ಇದು ಅನ್ಯಾಯ ರೀ ವೈನಿ!" ಮೈದುನ ಚೀರಿದ. "ಒಂದೊಂದು ಹಂಡಿ ಎಷ್ಟು ಬಾಳ್ತೈತಿ ಗೊತ್ತೈತೇನು?"

"ಸವದಾವೋ ತಮ್ಮಾ, ಎಲ್ಲಾ ಸವದಾವು!"

ಅವನು ರೊಕ್ಕ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಇಳಿದು ಹೋದ. ನಾನಂತೂ ಆ ವರ್ಷವೆಲ್ಲ ತರಗತಿಯಲ್ಲಿ ಸವಕಳಿಯ ಪಾಠವನ್ನು ಎದೆಯುಬ್ಬಿಸಿ ಮಾಡಿದೆ.

ಆರು ತಿಂಗಳ ಮೇಲೆ ಇಳಕಲ್ಲಿಗೆ ಹೋದರೆ ಕಂಡದ್ದೇನು! ಅಂಗಡಿಯ ಗಾದಿಯ ಮೇಲೆ ಅದೇ ಮೈದುನ ತೊಡೆಯ ಮೇಲೆ ಖಾತೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಾನೆ! ಅತ್ತೆಯೇ ಅವನ ಮನೆಗೆ ಹೋಗಿ, ತಿಂಗಳ ಪಗಾರ ಗೊತ್ತುಮಾಡಿ ಕರೆತಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯನ್ನು ಒಳಗೆ ಕರೆದೆ.

"ಮೋಸ ಮಾಡಾಕ ಬಂದಾಂವನ ಕೈಯಾಗ ಮತ್ತ ಪುಸ್ತಕ ಕೊಟ್ಟೀಯಲ್ಲ ಅತ್ತಿ!"

"ಅಂವಾ ಬರದದ್ದನ್ನ ವಾರಕ್ಕೊಮ್ಮೆ ನಾ ತಾಳೆ ನೋಡ್ತೇನಿ. ಒಂದ್ ಪೈ ಆಚೀಚಿ ಆಗೂದಿಲ್ಲ."

"ಅಷ್ಟು ಬರೋವಾಗ ನೀನ ಬರೀಬಾರದೇನು?"

ಅತ್ತೆ ಗೋಡೆಯ ಮಾಡಿನಿಂದ ಬರೆದು ಮುಗಿದ ಒಂದು ಪುಸ್ತಕ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಈ 'ಳ' ನೋಡು. ಬಾಲ ಹೆಂಗ ಕೆಳಗ ಎಳದಾನ. ನಿಮ್ಮ ಮಾಮಾನೂ ಹಿಂಗ ಎಳೀತಿದ್ರು. ಅಣ್ಣತಮ್ಮ ಇಬ್ರೂ ಒಂದ ಪಾಟಿ ಮ್ಯಾಲ ತಿದ್ದಿದವರು." ಬೆರಳು ಆ ಬಾಲದ ಗುಂಟ ಮೆಲ್ಲಗೆ ಇಳಿಯಿತು. "ನಾ ಬರದ್ರ ಇದರಾಗ ಬರೇ ಲೆಕ್ಕ ಇರತೈತಿ."

ಅಷ್ಟರಲ್ಲಿ ಹೊರಗಿನಿಂದ ಮೈದುನನ ದನಿ ಬಂತು: "ವೈನಿ, ಪರಾತ ಆರು ಅಂತ ಬರಕೊಳ್ಳಲೇನ್ರಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೂಗಿ ಹೇಳಿದಳು: "ಪೂರಾ ಬರಿಯೋ ತಮ್ಮಾ. ಹಿತ್ತಾಳೆ ಪರಾತ ಅಂತ ಬರಿ."